ಸವಳಂಗದ ಗಂಡಿನ ಕಥೆ ಟೈಪ್ ಮಾಡೀನಿ

ಅಪ್ಪಾಜಿ,

ನಿಮ್ಮ ಕಥೆ ಟೈಪ್ ಮಾಡಿ, ಪ್ರಿಂಟ್ ತೆಗೆಸಿ ಟೇಬಲ್ ಮೇಲೆ ಇಟ್ಟೀನಿ. ನಾನು ಹೊನ್ನಾಳಿ ಬಸ್ಸಿಗೆ ಹೊಂಟೆ.

ಅಲ್ಲಾ, ಮನೇಲಿ ಏನೇ ನಡೀಲಿ, ಕಥೆ ಬರೆಯೋರು ನೀವು ಅದನ್ನ ಎತ್ತಾಕ್ಕೊಂಡು ಹೋಗಿಬಿಡ್ತೀರಲ್ಲ! ಸವಳಂಗದ ಗಂಡು ನನ್ನ ನೋಡಾಕೆ ಬಂದಿದ್ದನ್ನ ಬರೆದ್ರಿ, ಹೋಗ್ಲಿ. ಹುಡುಗ ಒಲ್ಲೆ ಅಂದ, ಹುಡುಗಿ ಬಾಗಿಲ ಹಿಂದೆ ನಿಂತು ಬಿಕ್ಕಿ ಬಿಕ್ಕಿ ಅತ್ತಳು ಅಂತ ಯಾಕೆ ಬರೆದ್ರಿ? ಒಲ್ಲೆ ಅಂದಿದ್ದು ನಾನು! ಮದುವೆ ಆದ್ಮೇಲೆ ಓದೋದು ಬಿಡಬೇಕು ಅಂದ, ಆಗಲ್ಲ ಅಂತ ಅವನ ಮುಖಕ್ಕೇ ಹೇಳಿದೆ. ಅವರು ಎದ್ದು ಹೋದ್ಮೇಲೆ ಉಳಿದ ಮಂಡಕ್ಕಿ, ಮಿರ್ಚಿ ಎಲ್ಲಾ ನಾನೇ ತಿಂದೆ. ಅಳಾಕೆ ಟೈಮ್ ಎಲ್ಲಿತ್ತು?

ಅಮ್ಮನ್ನ ಕೇಳಿದ್ರೆ, "ಕಥೆ ಅಂದ್ಮೇಲೆ ಯಾರಾದ್ರೂ ಅಳಲೇಬೇಕಂತೆ ಕಣೆ ನಿಮ್ಮಪ್ಪಂಗೆ" ಅಂತ ನಗ್ತಾಳೆ. ಯಾವ ಕಾನೂನು ಐತೆ ಹಂಗೆ?

ಅದಕ್ಕೇ ನಡೆದಂಗೇ ಟೈಪ್ ಮಾಡೀನಿ. ತಿದ್ದಾಕೆ ಹೋಗಬೇಡ್ರಿ. ಅನ್ನ ಕುಕ್ಕರಲ್ಲೇ ಐತೆ, ಬರೀತಾ ಕೂತು ಮರೀಬೇಡ್ರಿ.

ಅಳೋದನ್ನ ಮಾತ್ರ ತೆಗೆದಿಲ್ಲ. ಅವತ್ತು ಹಿತ್ತಲಲ್ಲಿ ಮುಖ ತೊಳೆಯೋ ನೆಪದಲ್ಲಿ ಅತ್ತಿದ್ದು ನೀವು. ನಾನು ನೋಡೀನಿ, ಅದನ್ನೇ ಹಾಕೀನಿ.

ಮೇಘ