ಕೊನೆಯ ಮಡಿಗೆ ನೀರು ಹರಿದ ದಿನ

೧೪ ಆಗಸ್ಟ್ ೧೯೮೭, ಶುಕ್ರವಾರ. ಸಿಂಧನೂರು.

ನೀರು ಬಂತು. ಆದರೂ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ.

ನಾಲ್ಕು ವಾರದಿಂದ ಕಾಲುವೆಯ ಹನ್ನೊಂದು ಗೇಟುಗಳನ್ನೂ ಅಳೆಯುತ್ತಿದ್ದೆ. ಒಂದೊಂದೂ ಲೆಕ್ಕದ ಪ್ರಕಾರ ಸರಿಯಾಗಿತ್ತು. ಆದರೆ ಕಾಲುವೆಯ ಕೊನೆಯಲ್ಲಿ ಹುಸೇನಮ್ಮನ ಭತ್ತದ ಸಸಿ ಒಣಗುತ್ತಿತ್ತು. ಕಳೆದ ವಾರ ಆಕೆ ಕೇಳಿದಳು: “ಎಲ್ಲಾ ಗೇಟು ಸರಿ ಅದಾವಂತೀರಿ ಸಾಹೇಬ್ರ, ಹಂಗಾದ್ರ ತಪ್ಪು ಎಲ್ಲೈತ್ರಿ?” ನಾನು ಮತ್ತೆ ಲೆಕ್ಕದ ಪುಸ್ತಕ ತೆರೆದೆ.

ಕೊನೆಗೆ ಗೇಟು ನೋಡಿಕೊಳ್ಳುವ ಯಂಕೋಬನೇ ಹೇಳಿದ: “ನಾಳಿ ನೀರು ಸಿಗ್ತದೋ ಇಲ್ಲೋ ಅಂತ ಅಂಜಿ ಮ್ಯಾಲಿನ ಹೊಲದವ್ರು ಇವತ್ತ ಹೆಚ್ಚು ನೀರು ತಿರುವಿಕೊಳ್ಳಾಕತ್ತಾರ್ರಿ. ಯಾರ ಪಾಳಿ ಯಾವತ್ತು ಅಂತ ಗೋಡಿ ಮ್ಯಾಲ ಬರಸ್ರಿ.”

ಬರೆಸಿದೆ. ಒಂದು ಗೇಟನ್ನೂ ಮುಟ್ಟಲಿಲ್ಲ. ಇಂದು ಮಧ್ಯಾಹ್ನ ಹುಸೇನಮ್ಮನ ಭತ್ತದ ಮಡಿ ತುಂಬಿತು. ಆಕೆ ಮೊಣಕಾಲುದ್ದ ಕೆಸರಿನಲ್ಲಿ ನಿಂತು ನಕ್ಕಳು.

ಎಂಜಿನಿಯರಿಂಗ್ ಕಾಲೇಜಿನಲ್ಲಿ ನೀರಿನ ಶಾಸ್ತ್ರ ಓದಿದೆ, ಯಂತ್ರಗಳ ಶಾಸ್ತ್ರ ಓದಿದೆ. ನೀರು, ಗೇಟು, ಜನರ ಅಂಜಿಕೆ ಎಲ್ಲ ಸೇರಿ ಒಂದಾಗಿ ನಡೆಯುವುದಕ್ಕೆ ಶಾಸ್ತ್ರ ಯಾವುದು? ಯಂಕೋಬನ ಊಹೆ ಫಲಿಸಿತು, ಅಷ್ಟೇ. ಊಹೆಯನ್ನು ನಿಯಮವೆಂದು ಹೇಗೆ ಬರೆಯಲಿ?

ಸೋಮವಾರದಿಂದ ಪಕ್ಕದ ಕಾಲುವೆಯಲ್ಲೂ ಹೀಗೇ ಮಾಡಬೇಕೆಂದು ಮೇಲಧಿಕಾರಿಗಳ ಆದೇಶ. ಅಲ್ಲಿಯ ಜನ ಯಾವುದಕ್ಕೆ ಅಂಜುತ್ತಾರೋ ನನಗೆ ಗೊತ್ತಿಲ್ಲ. ಮೊದಲು ಅವರನ್ನೇ ಕೇಳಬೇಕು, ಆಮೇಲೆ ಗೋಡೆಯ ಮೇಲೆ ಏನು ಬರೆಸುವುದೆಂದು ನೋಡಬೇಕು.