ಇಲ್ಲಿ ಮಹಾಪ್ರಾಣ ಹೋಗಿದೆ

ರೀ,

ಒಂದೇ ಸೂರಿನ ಕೆಳಗಿದ್ದುಕೊಂಡು, ಪಕ್ಕದ ಕೋಣೆಯಲ್ಲಿ ನೀವು ಗಂಟಲು ಸರಿಮಾಡಿಕೊಳ್ಳುವುದು ಕೇಳಿಸುತ್ತಿರುವಾಗಲೇ ನಿಮಗೆ ಪತ್ರ ಬರೆಯುತ್ತಿದ್ದೇನೆ. ನಮ್ಮ ಗತಿ ಇಲ್ಲಿಗೆ ಬಂತು. ಬಾಯಲ್ಲೇ ಹೇಳಿಬಿಡೋಣವೆಂದರೆ ನಾನು ಬಾಯಿ ತೆರೆಯುವ ಮೊದಲೇ ನೀವು ಕೆಮ್ಮುತ್ತೀರಿ. ನೆಗಡಿಯ ಕೆಮ್ಮಲ್ಲ ಅದು, ನಾನಿದ್ದೇನೆ ಎಂಬ ಕೆಮ್ಮು. ಒಂಬತ್ತು ದಿನಗಳಿಂದ ಇದೇ ಆಗಿದೆ. 'ನಾನು ಸ್ನಾನಕ್ಕೆ ಹೋಗ್ತಿದೀನಿ', 'ನಾನು ಗೇಟು ಹಾಕ್ತಿದೀನಿ', 'ನಾನು ನೀರು ಕುಡಿದೆ'. ಮದುವೆಯಾದ ಇಪ್ಪತ್ತಮೂರು ವರ್ಷ, ನೀವು ಮನೆಯಲ್ಲಿದ್ದೀರೋ ಇಲ್ಲವೋ ಎಂದು ಚಪ್ಪಲಿ ನೋಡಿ ತಿಳಿದುಕೊಂಡವಳು ನಾನು. ಈಗ ನೀವು ಲೋಟ ಕೆಳಗಿಟ್ಟರೆ ಮೇಜು ನಡುಗುತ್ತದೆ.

ಇದೆಲ್ಲ ಏಕೆಂದು ನನಗೆ ಗೊತ್ತು. ಅಂದು ಗುಂಡಿಯೊಳಗೆ ನಿಂತು ನೀವೊಂದು ಪ್ರಶ್ನೆ ಕೇಳಿದಿರಿ, ನಾನು ಉತ್ತರ ಕೊಡಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನ ತಕರಾರು ಕೇಳಿ. ಸತ್ತದ್ದು ನನ್ನ ಹುಂಜ. ಅಳಬೇಕಾದವಳು ನಾನು. ಆದರೆ ಅಂದಿನಿಂದ ಈ ಮನೆಯಲ್ಲಿ ಸಮಾಧಾನ ಮಾಡಿಸಿಕೊಳ್ಳುತ್ತಿರುವವರು ನೀವು.

ಅದಕ್ಕೆ ಹೆಸರಿಟ್ಟವರೂ ನೀವೇ ಎಂಬುದು ಮರೆತಂತಿದೆ. ಏಳು ವರ್ಷದ ಕೆಳಗೆ ನಿಮ್ಮ ತಂಗಿಯ ಮಗಳು ಗುಲಾಬಿ ಬಣ್ಣ ಹಚ್ಚಿದ ಮರಿಯೊಂದನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದು, ಎರಡು ದಿನ ಆಡಿಸಿ, ಮೂರನೆಯ ದಿನ ಇಲ್ಲೇ ಬಿಟ್ಟು ಹೊರಟುಹೋದಳು. ಗುಲಾಬಿ ಉದುರಿ ಕಂದು ಗರಿ ಬಂತು, ಜುಟ್ಟು ಬಂತು, ಠೀವಿ ಬಂತು. ಒಂದು ಸಂಜೆ ನೀವು ಕನ್ನಡಕದ ಅಂಗಡಿ ಮುಚ್ಚಿ ಮನೆಗೆ ಬಂದಾಗ ಅದು ನಿಮ್ಮ ಬೆತ್ತದ ಕುರ್ಚಿಯ ಮೇಲೆ ಕುಳಿತಿತ್ತು. ಇಳಿಸುತ್ತೀರೆಂದು ನಾನು ಕಾದೆ. ನೀವು ಹೋಗಿ ಮೆಟ್ಟಿಲ ಮೇಲೆ ಕುಳಿತು, 'ಇನ್ಮೇಲೆ ಇವರೇ ಯಜಮಾನ್ರು. ನಾನು ಬಾಡಿಗೆಗಿದೀನಿ ಅನ್ಕೋ' ಎಂದಿರಿ. ಅಂದಿನಿಂದ ನಮ್ಮ ಬಾಯಲ್ಲಿ ಅದು 'ಅದು' ಆಗಿ ಉಳಿಯಲಿಲ್ಲ. ಯಜಮಾನ್ರು ಎದ್ರಾ, ಯಜಮಾನ್ರು ಕಾಳು ತಿಂದ್ರಾ, ಯಜಮಾನ್ರು ಪಕ್ಕದ ಮನೆ ಕಾಂಪೌಂಡ್ ಹಾರಿದ್ರು. ನಿಮ್ಮನ್ನು ನಾನು ಎಂದೂ ಹಾಗೆ ಕರೆದವಳಲ್ಲ. ಬೇರೆಯವರ ಮುಂದೆ 'ನಮ್ಮನೆಯವರು', ನಿಮ್ಮ ಮುಂದೆ 'ರೀ'. ಆ ಪದವಿ ಖಾಲಿ ಇತ್ತು, ಹುಂಜ ಬಂದು ತುಂಬಿತು. ನೇಮಕ ಮಾಡಿದವರು ನೀವು.

ನನಗೆ ಅದು ಏನಾಗಿತ್ತು ಎಂದು ಯಾರಿಗೂ ಹೇಳುವಂತಿಲ್ಲ, ಹೇಳಿದರೆ ನಗುತ್ತಾರೆ. ಬೆಳಗ್ಗೆ ಮುದ್ರಣಾಲಯಕ್ಕೆ ಹೊರಡುವ ಮುನ್ನ ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಕುಳಿತು ಒಂದೆರಡು ಪದ್ಯ ಗಟ್ಟಿಯಾಗಿ ಓದಿಕೊಳ್ಳುವುದು ನನ್ನ ಹಳೆಯ ರೂಢಿ. ನಿಮಗೆ ಓದಿದರೆ ಮೂರನೆಯ ಸಾಲಿಗೆ ಕಣ್ಣು ಮುಚ್ಚುತ್ತೀರಿ. ಯಜಮಾನ್ರು ಒಂದು ಕಾಲೆತ್ತಿ ನಿಂತು, ಕತ್ತು ಓರೆ ಮಾಡಿ, ಒಂದೇ ಕಣ್ಣಿನಲ್ಲಿ ನನ್ನನ್ನು ನೋಡುತ್ತಾ ಪೂರ್ತಿ ಕೇಳುತ್ತಿದ್ದರು. ಅರ್ಥವಾಗುತ್ತಿತ್ತು ಎನ್ನುವಷ್ಟು ಹುಚ್ಚಿಯಲ್ಲ ನಾನು. ಸಾಲಿನ ಕೊನೆಯಲ್ಲಿ ನಾನು ಉಸಿರು ತೆಗೆದುಕೊಂಡಾಗ ಅವರು ಎತ್ತಿದ ಕಾಲನ್ನು ಬದಲಿಸುತ್ತಿದ್ದರು, ಅಷ್ಟೇ. ಅಷ್ಟು ಗಮನವಿಟ್ಟು ನನ್ನ ಮಾತನ್ನು ಬೇರೆ ಯಾರೂ ಕೇಳಿಲ್ಲ. ಈಗ ಆ ಕಲ್ಲಿನ ಮೇಲೆ ಕುಳಿತರೆ ಪದ್ಯ ಬಾಯಿಗೆ ಬರುವುದಿಲ್ಲ. ಸಿಮೆಂಟಿನ ಮೇಲೆ ಉಗುರು ಗೀರುವ ಸದ್ದಿಗೆ ಕಿವಿ ಕಾಯುತ್ತದೆ. ಕೇಳಿಸುವುದು ನಿಮ್ಮ ಕೆಮ್ಮು.

ಆ ದಿನ ಬೆಳಕು ಹರಿದರೂ ಕೂಗು ಕೇಳಲಿಲ್ಲ. ನೀವು ಆ ಕೂಗಿಗೆ ಏಳುವವರು, ಆದ್ದರಿಂದ ಎದ್ದಿರಲಿಲ್ಲ. ನಾನು ಹೋಗಿ ನೋಡಿದರೆ ನೀರಿನ ತೊಟ್ಟಿಯ ಪಕ್ಕ ಒಂದು ರೆಕ್ಕೆ ಬಿಚ್ಚಿಕೊಂಡು ಮಲಗಿದ್ದರು, ಮೈ ಆಗಲೇ ತಣ್ಣಗಾಗಿತ್ತು. ಅಳುತ್ತಲೇ ಮುದ್ರಣಾಲಯದ ಮಾಲೀಕರಿಗೆ ಫೋನ್ ಮಾಡಿದೆ. 'ಸರ್, ನಮ್ಮ ಯಜಮಾನ್ರು ಬೆಳಿಗ್ಗೆ ಹೋಗ್ಬಿಟ್ರು. ಇವತ್ತು ಬರಕ್ಕಾಗಲ್ಲ.' ಇಪ್ಪತ್ತೆರಡು ವರ್ಷ ಪ್ರೂಫ್ ನೋಡಿ, ಬೇರೆಯವರು ಬಿಟ್ಟ ಪದಗಳನ್ನು ಹುಡುಕಿ ಹುಡುಕಿ ಸೇರಿಸಿದ ನಾನು, ನನ್ನದೇ ಒಂದು ಸಾಲಿನಲ್ಲಿ 'ಹುಂಜ' ಎಂಬ ಪದವನ್ನು ಬಿಟ್ಟೆ. ಅವರು ಗಾಬರಿಯಿಂದ ಏನಾಗಿತ್ತಮ್ಮ ಎಂದು ಕೇಳಿದರು. 'ಎರಡು ದಿನದಿಂದ ಏನೂ ತಿಂದಿರಲಿಲ್ಲ ಸರ್. ಮೂಲೇಲಿ ಕೂತ್ಕೊಂಡಿದ್ರು. ನಿನ್ನೆ ಸಂಜೆ ಒಂದೇ ಒಂದು ಸಲ ಕೂಗಿದ್ರು, ಅಷ್ಟೇ.' ನೀವೇ ಹೇಳಿ, ಇದರಲ್ಲಿ ಒಂದಾದರೂ ಸುಳ್ಳಿದೆಯೇ? ಮಾಲೀಕರು 'ಅಯ್ಯೋ ದೇವ್ರೇ, ಧೈರ್ಯ ತಗೊಳ್ಳಿ ಅಮ್ಮ' ಎಂದರು. ಇಷ್ಟು ಮೃದು ಮನಸ್ಸಿನವರೆಂದು ಗೊತ್ತಿರಲಿಲ್ಲವಲ್ಲ ಎಂದುಕೊಂಡು ಫೋನ್ ಇಟ್ಟೆ.

ಎಂಟೂವರೆಗೆ ನೀವು ಎದ್ದಿರಿ. ಹಿತ್ತಿಲಿಗೆ ಬಂದು 'ಅಯ್ಯೋ' ಎಂದಿರಿ, ಕೂತು ಬೆನ್ನು ಸವರಿದಿರಿ. ಅಲ್ಲಿಯವರೆಗೆ ಸರಿ. ಆಮೇಲೆ, 'ಸ್ನಾನ ಮಾಡ್ಕೊಂಡು ಬಂದು ಗುಂಡಿ ತೋಡ್ತೀನಿ' ಎಂದಿರಿ. ಗುಂಡಿ ತೋಡುವ ಮೊದಲು ಸ್ನಾನ ಮಾಡುವ ಮನುಷ್ಯ ಈ ಭೂಮಿಯ ಮೇಲೆ ನೀವೊಬ್ಬರೇ. ಗುಂಡಿ ಮೊದಲು ತೋಡಿದ್ದರೆ ಮುಂದಿನದು ಒಂದೂ ಆಗುತ್ತಿರಲಿಲ್ಲ.

ನೀವು ಬಚ್ಚಲಿನಲ್ಲಿರುವಾಗ ಅವರು ಮೂವರು ಬಂದರು. ಮಾಲೀಕರು, ಡಿಟಿಪಿ ಮಾಡುವ ಹುಡುಗಿ, ಬೈಂಡಿಂಗ್ ಅಣ್ಣ. ಕೈಯಲ್ಲಿ ಒಂದು ಬುಟ್ಟಿ ಬಿಳಿ ಹೂ. ಹುಂಜ ಸತ್ತಿತೆಂದು ಮುದ್ರಣಾಲಯಕ್ಕೆ ಬೀಗ ಹಾಕಿ ಬಂದಿದ್ದಾರಲ್ಲ ಎಂದು ನನಗೆ ಇನ್ನಷ್ಟು ಅಳು ಬಂತು. ಲೋಕ ಇಷ್ಟು ಒಳ್ಳೆಯದೇ ಎಂದು ಐದು ನಿಮಿಷ ನಂಬಿದ್ದೆ. ಮಾಲೀಕರು ದನಿ ತಗ್ಗಿಸಿ, 'ಎಲ್ಲಿ ಮಲಗ್ಸಿದೀರಮ್ಮ?' ಎಂದರು.

'ಹಿಂದ್ಗಡೆ ಸರ್, ತೊಟ್ಟಿ ಹತ್ರ. ಗೋಣಿಚೀಲದ ಮೇಲೆ.'

'ಗೋಣಿಚೀಲದ ಮೇಲಾ?'

'ಬಿಸಿಲು ಬೀಳತ್ತೆ ಅಂತ ಬುಟ್ಟಿ ಕವುಚಿದೀನಿ.'

ಮೂವರೂ ಮುಖ ಮುಖ ನೋಡಿಕೊಂಡದ್ದು ಈಗ ನೆನಪಾಗುತ್ತದೆ. ದುಃಖದಲ್ಲಿ ಏನೇನೋ ಆಡುತ್ತಿದ್ದಾಳೆ ಎಂದುಕೊಂಡಿರಬೇಕು. ನೀರು ತರಲು ನಾನು ಒಳಗೆ ಹೋದಾಗ ಬೈಂಡಿಂಗ್ ಅಣ್ಣ, 'ಒಳ್ಳೇ ಮನುಷ್ಯ. ಮೂರ್ನಾಲ್ಕು ಸಲ ನೋಡಿದೀನಿ. ಮುಖ ಮಾತ್ರ ನೆನಪಾಗ್ತಿಲ್ಲ' ಎಂದನಂತೆ. ಹುಡುಗಿ, ಮನೆಗೆ ಫೋನ್ ಮಾಡಿದಾಗ 'ಅವಳಿಗೆ ಕೊಡ್ತೀನಿ' ಅನ್ನುವುದೊಂದು ಬಿಟ್ಟು ಅವರ ಬಾಯಿಂದ ಬೇರೆ ಮಾತೇ ಕೇಳಿಲ್ಲ ಎಂದಳಂತೆ. ಇದು ನನಗೆ ಕೇಳಿಸಲಿಲ್ಲ. ಬಚ್ಚಲ ಕಿಂಡಿಯಿಂದ ಕೇಳಿಸಿಕೊಂಡವರು ನೀವು. ಆಗಲಾದರೂ ಒಳಗಿನಿಂದ ಒಮ್ಮೆ ಕೆಮ್ಮಬಾರದಿತ್ತೇ? ಬೇಕಾದಾಗ ಬಾರದ ಕೆಮ್ಮು ಈಗ ದಿನಕ್ಕೆ ನೂರು ಸಲ ಬರುತ್ತದೆ.

ನೀರಿನ ಲೋಟ ಕೊಟ್ಟಾಗ ಮಾಲೀಕರು ನನ್ನ ಕೈಗೆ ಒಂದು ಕಾರ್ಡು ಕೊಟ್ಟರು. ಇಷ್ಟರಲ್ಲೇ ಐವತ್ತು ಪ್ರತಿ ಅಚ್ಚು ಹಾಕಿಸಿದ್ದರು. ಸುತ್ತ ಕಪ್ಪು ಅಂಚು, ನಡುವೆ ನಿಮ್ಮ ಚಿತ್ರ. ಮುದ್ರಣಾಲಯದ ಯಾವುದೋ ಸಮಾರಂಭದ ಗುಂಪಿನಿಂದ ಕತ್ತರಿಸಿದ್ದು, ನಿಮ್ಮ ಹೆಗಲ ಮೇಲೆ ಯಾರದೋ ಮೊಣಕೈ ಹಾಗೇ ಉಳಿದಿತ್ತು. ಕೆಳಗೆ ಒಂದೇ ಸಾಲು: ಮಿತಬಾಷಿ, ಸರಳ ಜೀವಿ, ಯಾರಿಗೂ ತೊಂದರೆ ಕೊಟ್ಟವರಲ್ಲ.

ಇಲ್ಲಿಂದ ಮುಂದಿನದಕ್ಕೆ ನನ್ನನ್ನು ನೀವು ಕ್ಷಮಿಸಿಲ್ಲ. ಪ್ರೂಫ್ ನೋಡುವವರ ಕಣ್ಣು ಅರ್ಥವನ್ನು ಓದುವುದಿಲ್ಲ, ಅಕ್ಷರವನ್ನು ಓದುತ್ತದೆ. ಗಂಡನ ಚಿತ್ರ, ಕಪ್ಪು ಅಂಚು ಯಾವುದೂ ನನ್ನ ತಲೆಗೆ ಹೋಗಲಿಲ್ಲ. 'ಬಾ' ಕಂಡಿತು. 'ಭಾ' ಆಗಬೇಕಿತ್ತು. ಮೇಜಿನ ಮೇಲಿದ್ದ ಕೆಂಪು ಪೆನ್ನು ತೆಗೆದುಕೊಂಡೆ, ಆ ಅಕ್ಷರಕ್ಕೆ ಸುತ್ತು ಹಾಕಿ, 'ಇಲ್ಲಿ ಮಹಾಪ್ರಾಣ ಹೋಗಿದೆ' ಎಂದೆ.

ಬೈಂಡಿಂಗ್ ಅಣ್ಣ ಬಿಕ್ಕಿಬಿಟ್ಟ. 'ಹೌದಮ್ಮ, ಮಹಾಪ್ರಾಣವೇ ಹೋಯ್ತು' ಎಂದು ಹೆಗಲ ಮೇಲಿನ ಬಟ್ಟೆಯಿಂದ ಕಣ್ಣೊರೆಸಿಕೊಂಡ. ಅದೇ ಹೊತ್ತಿಗೆ ಬಚ್ಚಲ ಬಾಗಿಲು ತೆರೆದು ನೀವು ಸೊಂಟಕ್ಕೆ ಟವೆಲು ಸುತ್ತಿಕೊಂಡು ಬಂದಿರಿ. ಹುಡುಗಿ ಕಿರುಚಿದಳು. ಮಾಲೀಕರು ಕುರ್ಚಿಯ ಬೆನ್ನು ಹಿಡಿದುಕೊಂಡರು. ನೀವು ಅವರ ಕಡೆ ನೋಡಲೇ ಇಲ್ಲ. ನನ್ನ ಕೈಯಲ್ಲಿದ್ದ ಕಾರ್ಡನ್ನು ನೋಡಿದಿರಿ, ಕೆಂಪು ಪೆನ್ನನ್ನು ನೋಡಿದಿರಿ. ಕಾರ್ಡು ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ಎರಡು ಸಲ ಓದಿದಿರಿ. 'ಇಷ್ಟೇನಾ?' ಎಂದಿರಿ.

ಆಮೇಲೆ ವಿವರಣೆ, ಕ್ಷಮಾಪಣೆ, ನಗು. ನಗು ಗೇಟು ದಾಟಿ ಬೀದಿಗೆ ಹೋಯಿತು. ಒಂಬತ್ತು ದಿನದಿಂದ ನಮ್ಮ ಬೀದಿಗೆ ಬೇರೆ ಕೆಲಸವಿಲ್ಲ. ಹಾಲಿನವಳು ದಿನವೂ 'ಯಾವ ಯಜಮಾನ್ರು ಹೋಗಿದ್ದು ಅಂತ ಸರಿಯಾಗಿ ನೋಡ್ಕೊಂಡ್ರಾ ಅಕ್ಕಾ?' ಎನ್ನುತ್ತಾಳೆ. ಪಕ್ಕದ ಮನೆಯ ಅತ್ತಿಗೆ, ಇಷ್ಟಕ್ಕೆಲ್ಲಾ ಅಳ್ತಾರಾ, ಇನ್ನೊಂದು ತಂದುಕೊಂಡರಾಯಿತು ಎಂದರು. ಹುಂಜವನ್ನೋ ಗಂಡನನ್ನೋ ಎಂದು ಕೇಳುವಷ್ಟು ಸಿಟ್ಟು ಬಂದಿತ್ತು, ನುಂಗಿಕೊಂಡೆ. ಇಷ್ಟು ಜನ ಬಂದು ಮಾತಾಡಿಸಿದರಲ್ಲ, ನಿನಗೆ ಬೇಜಾರಾಗಿದೆಯಾ ಎಂದು ಒಬ್ಬರೂ ಕೇಳಲಿಲ್ಲ.

ನೀವೂ ಕೇಳಲಿಲ್ಲ. ಅವರು ಹೋದ ಮೇಲೆ ಹಾರೆ ಹಿಡಿದು ಹಿತ್ತಿಲಿಗೆ ಇಳಿದಿರಿ. ಒಂದು ಹುಂಜಕ್ಕೆ ಎಷ್ಟು ಜಾಗ ಬೇಕು? ನೀವು ಮಧ್ಯಾಹ್ನ ಒಂದರವರೆಗೆ ತೋಡಿದಿರಿ. ಮೊಣಕಾಲು ಮುಳುಗಿತು, ಸೊಂಟ ಮುಳುಗಿತು. ಸಾಕು ಎಂದು ಮೂರು ಸಲ ಹೇಳಿದೆ. ಕೊನೆಗೆ ಹಾರೆಯ ಮೇಲೆ ಗಲ್ಲವಿಟ್ಟು, ಮುಖದ ತುಂಬ ಮಣ್ಣು ಮಾಡಿಕೊಂಡು, ಕೆಳಗಿನಿಂದ ನನ್ನನ್ನು ನೋಡಿ ಕೇಳಿದಿರಿ: 'ನಾನು ಹೋದ್ರೂ ಹೀಗೇ ಅಳ್ತೀಯಾ?'

ನಾನು, 'ಮೊದ್ಲು ಮೇಲೆ ಬನ್ನಿ' ಎಂದೆ.

ಅದು ಉತ್ತರವಲ್ಲ, ಒಪ್ಪುತ್ತೇನೆ. ಆದರೆ ತೋಳಿನಲ್ಲಿ ಸತ್ತ ಹುಂಜವನ್ನಿಟ್ಟುಕೊಂಡು ನಿಂತವಳನ್ನು ಕೇಳುವ ಪ್ರಶ್ನೆಯೂ ಅದಲ್ಲ.

ಈ ಬೆಳಗ್ಗೆ ನಿಮ್ಮ ಅಂಗಿ ನೆನೆಹಾಕುವ ಮುಂಚೆ ಜೇಬು ನೋಡಿದೆ. ಆ ಕಾರ್ಡು ಸಿಕ್ಕಿತು, ಒಂಬತ್ತು ದಿನ ಇಟ್ಟುಕೊಂಡು ತಿರುಗಿದ್ದೀರಿ. ಅಚ್ಚಾದ ಸಾಲಿನ ಕೆಳಗೆ ನೀವು ಪೆನ್ಸಿಲಿನಲ್ಲಿ ಎರಡು ಸಾಲು ಸೇರಿಸಿದ್ದೀರಿ. 'ಕನ್ನಡಕದ ಕೆಲಸ ಚೆನ್ನಾಗಿ ಬರುತ್ತಿತ್ತು.' ಅದನ್ನು ಹಾಗೇ ಬಿಟ್ಟಿದ್ದೀರಿ. ಅದರ ಕೆಳಗೆ, 'ಹೆಂಡತಿಗೆ ಬೇಕಾಗಿದ್ದರು.' ಅದರ ಮೇಲೆ ಎರಡು ಗೆರೆ ಎಳೆದು ಹೊಡೆದುಹಾಕಿದ್ದೀರಿ. ನೀರು ತುಂಬಿದ ಬಕೆಟ್ಟಿನ ಮುಂದೆ ನಾನು ಎಷ್ಟು ಹೊತ್ತು ಕುಳಿತಿದ್ದೆನೋ ಗೊತ್ತಿಲ್ಲ. ನಿಮ್ಮಂಥ ಪೆದ್ದರನ್ನು ಎಲ್ಲಿಂದ ಹುಡುಕಿ ತಂದರೋ ನಮ್ಮಪ್ಪ.

ಉತ್ತರ ಬೇಕಲ್ಲವೇ? ತೆಗೆದುಕೊಳ್ಳಿ. ನೀವು ಹೋದರೆ ನಾನು ಹೀಗೆ ಅಳುವುದಿಲ್ಲ. ಹುಂಜಕ್ಕೆ ಅಳುವುದು ಸುಲಭ. ಅದು ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದದ್ದಿಲ್ಲ. ನಮ್ಮಮ್ಮ ಆಸ್ಪತ್ರೆಯಲ್ಲಿದ್ದ ಹದಿನಾರು ದಿನವೂ ಒಂದು ಸಮಾಧಾನದ ಮಾತಾಡದೆ ಹೊರಗಿನ ಬೆಂಚಿನ ಮೇಲೆ ಕುಳಿತು ನನಗೆ ರೇಗುವಂತೆ ಮಾಡಿದ್ದಿಲ್ಲ. ಆ ಹದಿನಾರು ದಿನ ನೀವು ಆ ಬೆಂಚು ಬಿಟ್ಟು ಏಳಲೇ ಇಲ್ಲ ಎಂಬುದು ನನಗೆ ಹೊಳೆದದ್ದು ಎಷ್ಟೋ ತಿಂಗಳ ಮೇಲೆ. ಅಷ್ಟರಲ್ಲಿ ಹೇಳುವ ಹೊತ್ತು ದಾಟಿತ್ತು, ಬಿಟ್ಟೆ. ಹುಂಜದೊಡನೆ ಹೇಳದೆ ಬಿಟ್ಟದ್ದು ಒಂದೂ ಇರಲಿಲ್ಲ. ನಿಮ್ಮೊಡನೆ ರಾಶಿಯಿದೆ. ಆದ್ದರಿಂದ ನೀವು ಹೋದರೆ ನನಗೆ ಮೊದಲು ಬರುವುದು ಸಿಟ್ಟು. ಅದು ಇಳಿಯುವ ಹೊತ್ತಿಗೆ ಹೂ ಹಿಡಿದು ಬಂದವರೆಲ್ಲ ಅವರವರ ಮನೆ ಸೇರಿರುತ್ತಾರೆ. ಆಮೇಲಿನ ಅಳುವನ್ನು ಯಾರೂ ನೋಡುವುದಿಲ್ಲ, ನೀವಂತೂ ನೋಡುವುದಿಲ್ಲ. ಹೋಲಿಸಿ ನೋಡುವ ಆಸೆ ಬಿಟ್ಟುಬಿಡಿ.

ಹೋದದ್ದು ನಿಮ್ಮ ಹುಂಜವೂ ಹೌದು. ಕುರ್ಚಿ ಬಿಟ್ಟುಕೊಟ್ಟವರು ನೀವು. ಅದಕ್ಕಾಗಿ ನೀವಿನ್ನೂ ಅತ್ತಿಲ್ಲ, ನಿಮಗಾಗಿ ಅಳುವುದರಲ್ಲೇ ಒಂಬತ್ತು ದಿನ ಕಳೆದಿರಿ. ನಾಳೆ ಬೆಳಗ್ಗೆ ಹಿತ್ತಿಲಿಗೆ ಬನ್ನಿ. ಕೆಮ್ಮಬೇಡಿ, ಬಂದಿದೀನಿ ಎನ್ನಬೇಡಿ. ಕಲ್ಲಿನ ಮೇಲೆ ಇಬ್ಬರಿಗೆ ಜಾಗವಿದೆ. ಸುಮ್ಮನೆ ಪಕ್ಕದಲ್ಲಿ ಕುಳಿತಿರುವುದು ನಿಮ್ಮಷ್ಟು ಚೆನ್ನಾಗಿ ಬೇರೆಯವರಿಗೆ ಬರುವುದಿಲ್ಲ, ಅದನ್ನು ಯಾವ ಕಾರ್ಡಿನಲ್ಲೂ ಅಚ್ಚು ಹಾಕಲಾಗುವುದಿಲ್ಲ.

ಇನ್ನೊಂದು ವಿಷಯ. ನಮ್ಮ ಕೆಲಸದಲ್ಲಿ, ಹೊಡೆಯಬಾರದ ಪದವನ್ನು ಯಾರಾದರೂ ಹೊಡೆದುಹಾಕಿದ್ದರೆ ಅದರ ಕೆಳಗೆ ಸಾಲಾಗಿ ಚುಕ್ಕಿಯಿಟ್ಟು ಅಂಚಿನಲ್ಲಿ 'ಇರಲಿ' ಎಂದು ಬರೆಯುತ್ತೇವೆ. ಅಚ್ಚು ಹಾಕುವವರು ಅದನ್ನು ಉಳಿಸಿಕೊಳ್ಳುತ್ತಾರೆ. ನಿಮ್ಮ ಎರಡನೆಯ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಚುಕ್ಕಿಯಿಟ್ಟು, ಅಂಚಿನಲ್ಲಿ ಬರೆದಿದ್ದೇನೆ. ಕ್ರಿಯಾಪದ ಭೂತಕಾಲದಲ್ಲಿತ್ತು, ಅದೊಂದನ್ನು ತಿದ್ದಿದ್ದೇನೆ. ಕಾರ್ಡನ್ನೂ ಈ ಪತ್ರವನ್ನೂ ನಿಮ್ಮ ಒಗೆದ ಅಂಗಿಯ ಜೇಬಿನಲ್ಲಿಟ್ಟಿದ್ದೇನೆ.

ಬಹುಕಾಲ ಗಟ್ಟಿಯಾಗಿ ಬಾಳಿ. ಗಟ್ಟಿಯಾಗಿ ಎಂದರೆ ಸದ್ದು ಮಾಡುತ್ತಾ ಎಂದಲ್ಲ.

ಇಂತಿ,
ನಿಮ್ಮ ಪ್ರೂಫ್ ನೋಡಿ ಮುಗಿಸಿದವಳು