ಹೊಂಬಾಳಮ್ಮನ ಪುಟ

ಗುಬ್ಬಿ
೧೧ ಆಗಸ್ಟ್ ೨೦೨೪, ಭಾನುವಾರ

ನನ್ನ ದೀಪೀ,

ನಿನ್ನ ಫೋನನ್ನು ನಾನು ಎತ್ತುತ್ತಿಲ್ಲ. ಅಮ್ಮನಿಗೆ ಬಿ.ಪಿ. ಏರಿದೆ ಎಂದು ನಿಮ್ಮಪ್ಪ ನಿನಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಬಿ.ಪಿ. ಸರಿಯಾಗಿಯೇ ಇದೆ. ಏರಿರುವುದು ಹೊಟ್ಟೆಕಿಚ್ಚು. ಫೋನಿನಲ್ಲಿ ಹೇಳಿದರೆ ನಕ್ಕುಬಿಡುತ್ತೀಯ, ಅದಕ್ಕೇ ಈ ಕಾಗದ.

ನಿನ್ನ ಎಂ.ಎ. ಮಕ್ಕಳಿಗೆ ವಿಕಿಪೀಡಿಯದಲ್ಲಿ ಬರೆಯುವುದನ್ನು ಕಲಿಸುತ್ತೇನೆ, ನೀನೂ ಬಾ ಎಂದು ಕರೆದಾಗ ನಾನು ಇಸ್ತ್ರಿ ಮಾಡಿಸಿದ ಇಳಕಲ್ ಸೀರೆ ಉಟ್ಟು ನಿನ್ನ ಕಾಲೇಜಿಗೆ ಬಂದೆ. ನಮ್ಮ ಜಿಲ್ಲೆಯ ಲೇಖಕಿಯರ ಬಗ್ಗೆ ಒಂದೊಂದು ಪುಟ ಮಾಡಿಸುತ್ತೇನೆ ಅಂದಿದ್ದೆಯಲ್ಲ. ಇಡೀ ಆಯುಸ್ಸು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಲೇ ಕಥೆ ಬರೆದವಳು, ಪುಸ್ತಕ ತಂದವಳು ನಾನು. ಸೀರೆ ಯಾಕೆ ಉಟ್ಟೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಬಂದು ನೋಡಿದರೆ ಮುಂದಿನ ಸಾಲಿನಲ್ಲಿ ನನ್ನ ಗೆಳತಿ, ಕುಣಿಗಲ್ಲಿನ ಹೊಂಬಾಳಮ್ಮ ಕೂತಿದ್ದಳು. ಪರದೆಯ ಮೇಲೆ ಅವಳ ಪುಟ, ಅವಳ ಫೋಟೋ. ಹುತ್ರಿದುರ್ಗದ ಕಡೆಯ ಆ ಹುಡುಗಿ ತೇಜಸ್ವಿನಿ ಅದನ್ನು ಬರೆದಿದ್ದಳು. ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಆಗ ನೀನು ಮೈಕ್ ಹಿಡಿದು, "ಚಿಕ್ಕವಳಿದ್ದಾಗ ನಂಗೆ ಕತೆ ಹುಚ್ಚು ಹಿಡಿಸಿದ್ದೇ ಇವ್ರು" ಅಂದೆ.

ದೀಪೀ, ಜ್ವರದಲ್ಲಿ ಮಲಗಿದ್ದ ನಿನ್ನ ಪಕ್ಕ ಕೂತು ಗಂಟಲು ಒಡೆಯುವ ತನಕ ಕಥೆ ಓದಿದವಳು ನಾನು. ಹೊಂಬಾಳಮ್ಮ ಬರುತ್ತಿದ್ದದ್ದು ಬೇಸಿಗೆ ರಜೆಯಲ್ಲಿ, ಮಾವಿನಹಣ್ಣು ಹಿಡಿದುಕೊಂಡು. ನೀನು ಓಡಿಹೋಗಿ ಅವಳ ಮಡಿಲಲ್ಲಿ ಕೂರುತ್ತಿದ್ದೆ. ಅವತ್ತಿನಿಂದಲೂ ಅದು ನನಗೆ ಚುಚ್ಚುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಮಿಸ್, ಈ ಮೇಡಂದೂ ಬುಕ್ಸ್ ಬಂದಿದಾವಂತೆ, ಇವ್ರ ಪೇಜ್ ನಾನ್ ಮಾಡ್ಲಾ?" ಎಂದು ಕೇಳಿದಳು. ನೀನು ನಕ್ಕೆ. "ಅಯ್ಯೋ, ಅವ್ರು ನಮ್ಮಮ್ಮ ಕಣೇ. ಮನೆಯವ್ರ ಬಗ್ಗೆ ನಾವೂ ಬರೆಯೋ ಹಂಗಿಲ್ಲ, ನಿಮ್ ಕೈಲಿ ಬರೆಸೋ ಹಂಗೂ ಇಲ್ಲ" ಅಂದೆ. ನೀನು ಹೇಳಿದ್ದು ಸರಿಯೇ. ಸರಿಯಾಗಿ ನಡೆದುಕೊಳ್ಳುವುದನ್ನು ನಾನೇ ಕಲಿಸಿದ್ದು. ಆದರೆ ನಗಬೇಕಿತ್ತೇ? ಊಟಕ್ಕೂ ನಿಲ್ಲದೆ ಗುಬ್ಬಿ ಬಸ್ಸು ಹತ್ತಿದೆ.

ಹೋದ ವಾರ ತೇಜಸ್ವಿನಿ ನಮ್ಮ ಮನೆಗೆ ಬಂದಿದ್ದಳು. ನಿನಗೆ ಹೇಳಿದಳೋ ಇಲ್ಲವೋ. ಹೊಂಬಾಳಮ್ಮನ ಪುಟದ ನೆತ್ತಿಯ ಮೇಲೆ ಯಾರೋ ಸೂಚನೆ ಅಂಟಿಸಿದ್ದಾರಂತೆ: ಇವರ ಬಗ್ಗೆ ಬೇರೆಯವರು ಬರೆದು ಅಚ್ಚಾಗಿರುವ ಆಧಾರ ಕೊಡಿ, ಇಲ್ಲದಿದ್ದರೆ ಪುಟವನ್ನು ಅಳಿಸಲಾಗುವುದು ಎಂದು. ಹೊಂಬಾಳಮ್ಮನ ಹತ್ತಿರ ಏನೂ ಉಳಿದಿಲ್ಲ, ಮನೆ ಬದಲಾಯಿಸುವಾಗ ಎಲ್ಲ ಹೋಯಿತಂತೆ. ಹುಡುಗಿ ಚಾಪೆಯ ಮೇಲೆ ಕೂತು ಹೇಳಿದಳು: "ಹೊಂಬಾಳಮ್ಮೋರೇ ಕಳ್ಸವ್ರೆ ಮೇಡಂ. ಗುಬ್ಬಿಗೆ ಹೋಗು, ಶಿವರುದ್ರಿ ಹತ್ರ ಇಲ್ಲಾಂದ್ರೆ ಇನ್ಯಾರತ್ರನೂ ಇರಲ್ಲ, ಅವ್ಳು ನನ್ ವಿಷ್ಯ ಬಂದಿರೋ ಒಂದು ಚೂರು ಪೇಪರ್ನೂ ಎಸ್ಯಲ್ಲ ಅಂದ್ರು."

ಹೊಂಬಾಳಮ್ಮನ ಮೊದಲ ಪುಸ್ತಕದ ವಿಮರ್ಶೆ ಇರುವ ಮಾಸಪತ್ರಿಕೆ ನನ್ನ ಬೀರುವಿನಲ್ಲಿದೆ. ಬೀರು ಆ ಹುಡುಗಿಯ ಬೆನ್ನ ಹಿಂದೆಯೇ ಇತ್ತು. "ಇಲ್ವಲ್ಲಮ್ಮ" ಅಂದೆ.

ಅವಳು ವಾದ ಮಾಡಲಿಲ್ಲ. "ಹೋಗ್ಲಿ ಬುಡಿ ಮೇಡಂ, ಆಧಾರ ಇಲ್ದೆ ಉಳಿಸ್ಕಳಕಾಯ್ತದಾ" ಎಂದು ಕಾಫಿ ಲೋಟ ತಾನೇ ತೊಳೆದಿಟ್ಟು ಹೋದಳು. ಅವಳ ಕಣ್ಣು ಕೆಂಪಗಾಗಿತ್ತು. ನನಗೆ ಎಷ್ಟು ಹಿತವಾಯಿತೆಂದರೆ ಅವತ್ತು ನಿಮ್ಮಪ್ಪನಿಗೆ ಹೋಳಿಗೆ ಮಾಡಿ ಬಡಿಸಿದೆ. ಏನು ವಿಶೇಷ ಎಂದು ಅವರು ಕೇಳಿದರು. ಏನಿಲ್ಲ ಅಂದೆ.

ಆ ಹಿತ ಬಾಳಲಿಲ್ಲ. ಎರಡು ದಿನ ಕಳೆದ ಮೇಲೆ ಪತ್ರಿಕೆಯನ್ನು ಹೊರಗೆ ತೆಗೆದೆ. ಒಲೆಗೆ ಹಾಕಬೇಕೆಂದೇ ತೆಗೆದದ್ದು, ನಿನ್ನ ಹತ್ತಿರ ಏಕೆ ಮುಚ್ಚಿಡಲಿ. ಹಾಕುವ ಮುಂಚೆ ಒಮ್ಮೆ ಓದೋಣವೆಂದು ಕೂತೆ. ಆಮೇಲೆ ಅವಳ ಪುಸ್ತಕವನ್ನೇ ತೆಗೆದು ಆ ಹುಲ್ಲು ಕೊಯ್ಯುವ ಹೆಂಗಸಿನ ಕಥೆ ಓದಿದೆ. ಬೆಟ್ಟದ ಮೇಲೆ ಹೆರಿಗೆಯಾಗಿ, ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು, ಹುಲ್ಲಿನ ಹೊರೆಯನ್ನೂ ಬಿಡದೆ ಇಳಿದು ಬರುತ್ತಾಳಲ್ಲ, ಅದು. ಸಾರು ಸೀದ ವಾಸನೆ ಬಂದರೂ ನಾನು ಏಳಲಿಲ್ಲ. ಅಂಥದೊಂದನ್ನು ನಾನು ಬರೆದಿಲ್ಲ. ಬರೆಯಲಾರೆ ಎನ್ನುವುದು ಆ ಕಾಲಕ್ಕೇ ಗೊತ್ತಿತ್ತು. ಆ ಪುಟ ಅಳಿಸಿಹೋದರೆ ಕಳೆದುಹೋಗುವುದು ಅವಳಲ್ಲ, ಆ ಹೆಂಗಸು ಅನ್ನಿಸಿತು.

ಪತ್ರಿಕೆಯನ್ನು ಈ ಕಾಗದದ ಜೊತೆಗೇ ಕೊರಿಯರ್ ಮಾಡುತ್ತಿದ್ದೇನೆ. ತೇಜಸ್ವಿನಿಗೆ ಕೊಡು. ಮೇಡಂ ಸುಳ್ಳು ಹೇಳಿದ್ದರು, ಕ್ಷಮಿಸಬೇಕಂತೆ ಎಂದು ನೀನು ಹೇಳುವುದು ಬೇಡ. ಮುಂದಿನ ಸಲ ಅವಳು ಬಂದಾಗ ನಾನೇ ಹೇಳುತ್ತೇನೆ.

ಇದರಿಂದ ನನ್ನ ಹೊಟ್ಟೆಕಿಚ್ಚು ಆರಿತೆಂದು ತಿಳಿಯಬೇಡ. ಮೈಕ್ ಹಿಡಿದು ನೀನು ಆಡಿದ ಮಾತು ಇನ್ನೂ ಒಳಗೆ ಉರಿಯುತ್ತಿದೆ. ನನ್ನ ಪುಟ ಇಲ್ಲದಿದ್ದರೂ ಬದುಕುತ್ತೇನೆ. ನಿನ್ನ ಮಕ್ಕಳೆದುರು ಒಂದೇ ಒಂದು ಸಲ, ಕಥೆ ಓದಿ ಹೇಳಿದವಳು ನಮ್ಮಮ್ಮ ಎಂದು ಹೇಳು. ಅದಕ್ಕೆ ಯಾವ ಆಧಾರವೂ ಬೇಕಾಗಿಲ್ಲ, ನೀನು ಹೇಳಿದರೆ ಸಾಕು.

ನಾಳೆಯಿಂದ ಫೋನ್ ಎತ್ತುತ್ತೇನೆ.

ನಿನ್ನನ್ನು ಬೇರೆ ಯಾರಿಗೂ ಬಿಟ್ಟುಕೊಡಲಾರದ
ಅಮ್ಮ
ಶಿವರುದ್ರಮ್ಮ

ಮರೆತಿದ್ದೆ: ಅಡಿಟಿಪ್ಪಣಿಯಲ್ಲಿ ವಿಮರ್ಶೆ ಬರೆದವರ ಹೆಸರು ಹಾಕಬೇಕಂತಲ್ಲ. ಪತ್ರಿಕೆಯಲ್ಲಿ 'ಶಿ.ಮ.' ಎಂದಷ್ಟೇ ಇದೆ. ತೇಜಸ್ವಿನಿ ಯಾರೆಂದು ಕೇಳಿದರೆ, ಶಿವರುದ್ರಮ್ಮ ಮಹಾದೇವಯ್ಯ ಎಂದು ಪೂರ್ತಿ ಬರೆಯಲು ಹೇಳು. ಮಹಾದೇವಯ್ಯ ಅಂದರೆ ನಮ್ಮಪ್ಪ, ನಿಮ್ಮ ತಾತ. ಆಗ ನನಗಿನ್ನೂ ಮದುವೆಯಾಗಿರಲಿಲ್ಲ, ಹೊಂಬಾಳಮ್ಮನ ಮುಖವನ್ನೂ ನೋಡಿರಲಿಲ್ಲ. ತನ್ನನ್ನು ಮೊದಲು ಹೊಗಳಿದವರು ಯಾರೆಂದು ಅವಳಿಗೆ ಇವತ್ತಿನವರೆಗೂ ಗೊತ್ತಿಲ್ಲ. ಅಡಿಟಿಪ್ಪಣಿಯ ಅಕ್ಷರ ಚಿಕ್ಕದಿದ್ದರೆ ಕನ್ನಡಕ ಹಾಕಿಕೊಂಡು ಓದಲಿ.